ಬಿಸಿಯಾರದ ಬೆಳ್ಳಿಯ ಪಾತ್ರೆ

ಮಾಗಿಯ ಚಳಿಯಲ್ಲಿ ಕೂನೂರಿನ ಮನೆಗಳಲ್ಲಿ ತುಪ್ಪವು ಬಟ್ಟಲಲ್ಲಿಯೇ ಹೆಪ್ಪುಗಟ್ಟುವುದನ್ನು ನಾವೆಲ್ಲರೂ ಬಲ್ಲೆವು. ಆಗ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ತುಪ್ಪವನ್ನು ಕರಗಿಸುವುದು ಗೃಹಿಣಿಯರ ರೂಢಿ. ಇದೇ ಉಪಾಯವನ್ನು ಬೆಳ್ಳಿಯಲ್ಲಿ ಅಳವಡಿಸಿದ ಪಾತ್ರೆಯೊಂದು ಹಿಂದೆ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿತ್ತು. ಅದರ ಹೆಸರು ಆರ್ಗೈಲ್.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಅಲ್ಲಿಯ ಸಿರಿವಂತರ ಮೇಜನ್ನೇರಿತು. ಸ್ಕಾಟ್ಲೆಂಡಿನ ಆರ್ಗೈಲ್ ಪ್ರಭುಗಳೊಬ್ಬರು ಇದನ್ನು ಕಲ್ಪಿಸಿದರೆಂದು ಪ್ರತೀತಿ. ದೊಡ್ಡ ಮಹಲುಗಳಲ್ಲಿ ಅಡಿಗೆಮನೆಯು ಊಟದ ಕೋಣೆಗೆ ಬಹು ದೂರ. ಮಾಂಸದ ರಸವು ಮೇಜನ್ನು ಸೇರುವಷ್ಟರಲ್ಲಿ ಆರಿ, ಅದರ ಕೊಬ್ಬು ಮೇಲೆ ಗಟ್ಟಿಯಾಗುತ್ತಿತ್ತು.

ನೋಡುವುದಕ್ಕೆ ಆರ್ಗೈಲ್ ಮುಚ್ಚಳವುಳ್ಳ ಸಣ್ಣ ಕಾಫಿ ಕೂಜೆಯಂತಿರುತ್ತದೆ. ಅದರ ಗುಟ್ಟೆಲ್ಲವೂ ಒಳಗಿದೆ. ಕೆಲವದಕ್ಕೆ ಎರಡು ಗೋಡೆಗಳು. ಹಿಡಿಯ ಬಳಿಯ ಕಿರಿದಾದ ಬಾಯಿಯಿಂದ ಅವುಗಳ ನಡುವೆ ಬಿಸಿನೀರು ತುಂಬುವರು. ಕೆಲವದರಲ್ಲಿ ನೀರಿಗೆ ತಳದಲ್ಲಿ ಬೇರೆ ಅರೆಯಿರುತ್ತದೆ. ಇನ್ನು ಕೆಲವದರ ನಡುವೆ ಒಂದು ಕೊಳವೆ; ಅದರೊಳಗೆ ಕಾಯಿಸಿದ ಕಬ್ಬಿಣದ ತುಂಡನ್ನು ಇಳಿಬಿಡುವರು. ಮೂತಿಯು ಕೆಳಗಿನಿಂದ ಹೊರಡುವುದರಿಂದ ತೇಲುವ ಕೊಬ್ಬು ಒಳಗೇ ಉಳಿದು, ತಿಳಿರಸವು ಮಾತ್ರ ಹೊರಬರುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಯೋಚಿಸಬೇಕಾದ ಸಂಗತಿಯೊಂದಿದೆ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗನೆ ಸಾಗಿಸುವುದು ಬೆಳ್ಳಿ. ಅಂಥದು ಬಿಸಿಯನ್ನು ಕಾಪಾಡುವುದೆಂತು? ಕಾಪಾಡುವುದು ಬೆಳ್ಳಿಯಲ್ಲ, ನೀರು. ಒಂದೇ ತೂಕದ ಬೆಳ್ಳಿಗಿಂತ ನೀರು ಸುಮಾರು ಹದಿನೆಂಟು ಪಾಲು ಹೆಚ್ಚು ಶಾಖವನ್ನು ಹಿಡಿದಿಡಬಲ್ಲದು. ಒಳಗೋಡೆಯ ಬೆಳ್ಳಿ ಆ ಶಾಖವನ್ನು ರಸಕ್ಕೆ ಒಪ್ಪಿಸುತ್ತದೆ. ಹೊರಗಿನ ಹೊಳಪು ಶಾಖವನ್ನು ಸುಲಭವಾಗಿ ಹೊರಸೂಸಲೀಯದು. ಕೈ ಸುಡದಂತೆ ಹಿಡಿಯನ್ನು ಮರದಿಂದ ಮಾಡುವರು, ಇಲ್ಲವೆ ಅದಕ್ಕೆ ಬೆತ್ತ ಸುತ್ತುವರು. ಕೂನೂರು ಸಮುದ್ರಮಟ್ಟದಿಂದ ಸುಮಾರು ೧,೮೫೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು ೯೪ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ, ಗಾಳಿಯೂ ತಣ್ಣಗಿರುತ್ತದೆ. ಆದ್ದರಿಂದ ಚೆನ್ನೈಯಲ್ಲಿ ಬಳಸುವುದಕ್ಕಿಂತ ಇಲ್ಲಿ ನೀರನ್ನು ಬೇಗನೆ ಬದಲಿಸಬೇಕಾದೀತು.

ಹಿರಿಯರಿಗೂ ಒಂದು ಮಾತನ್ನು ಅರಿಕೆ ಮಾಡುತ್ತೇವೆ. ಹಳೆಯ ಬೆಳ್ಳಿಯನ್ನು ತೂಕಕ್ಕೆ ಮಾರಿ ಕರಗಿಸುವುದು ಸುಲಭ. ಆದರೆ ತಕ್ಕಡಿಯು ಬೆಳ್ಳಿಯನ್ನು ತೂಗೀತೇ ಹೊರತು ಗೋಡೆಗಳ ನಡುವೆ ಅಡಗಿದ ಬುದ್ಧಿಯನ್ನು ತೂಗಲಾರದು. ಇಂಥ ಪಾತ್ರೆ ಕೈಗೆ ಬಂದರೆ ಮೊದಲು ಮುದ್ರೆಯನ್ನು ನೋಡಬೇಕು. ನಡೆಯುವ ಸಿಂಹದ ಮುದ್ರೆಯು ಶೇಕಡ ೯೨.೫ರಷ್ಟು ಬೆಳ್ಳಿಯುಳ್ಳ ಇಂಗ್ಲೆಂಡಿನ ಕೆಲಸದ ಗುರುತು. ತಾಮ್ರದ ಮೇಲೆ ಬೆಳ್ಳಿಯ ತಗಡನ್ನು ಬೆಸೆದ ಷೆಫೀಲ್ಡ್ ಪಾತ್ರೆಗಳೂ ಉಂಟು. ಬೂದಿ ಹಾಕಿ ಉಜ್ಜಿದರೆ ಅವುಗಳ ತಾಮ್ರ ಹೊರಗೆ ಕಾಣುತ್ತದೆ. ಯಾವುದನ್ನೇ ಆಗಲಿ ಒಲೆಯ ಮೇಲೆ ಇಡಬಾರದು, ಬೆಸುಗೆ ಬಿಟ್ಟುಹೋದೀತು. ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಳಗಿನ ನೀರನ್ನು ಪೂರ್ತಿ ಬಸಿದು ಒಣಗಿಸಿಟ್ಟರೆ, ಪಾತ್ರೆಯೂ ಅದರೊಳಗಿನ ಪಾಠವೂ ಮುಂದಿನವರಿಗೆ ಉಳಿಯುತ್ತವೆ.