ಚುಕ್ಕಿಯನ್ನು ಚೂಪಾಗಿಸುವ ಮೋಟಾರು

ಶಹಾಪುರದ ಬೆಟ್ಟಸಾಲಿನಲ್ಲಿ ಅಂಗಾತ ಮಲಗಿರುವ ಬುದ್ಧನನ್ನು ಆ ದಾರಿಯಲ್ಲಿ ಓಡಾಡುವವರೆಲ್ಲ ಬಲ್ಲರು. ಹೊಸದಾಗಿ ದೂರದರ್ಶಕ ಹಿಡಿದ ವಿದ್ಯಾರ್ಥಿಗೆ ಹಗಲು ಹೊತ್ತು ಫೋಕಸ್ ಕಲಿಯಲು ಇದಕ್ಕಿಂತ ಒಳ್ಳೆಯ ಗುರಿ ಬೇಕೆ? ಮೂರು ಕಿಲೋಮೀಟರ್ ದೂರ ನಿಂತು, ಬುದ್ಧನ ಮೂಗಿನ ಬಂಡೆ ಸ್ಪಷ್ಟವಾಗುವವರೆಗೆ ಗುಂಡಿ ತಿರುಗಿಸಿದರಾಯಿತು. ಆದರೆ ಕತ್ತಲಾದ ಮೇಲೆ ಗುಂಡಿ ಮುಟ್ಟದೆ ಅದೇ ದೂರದರ್ಶಕದಿಂದ ನಕ್ಷತ್ರದ ಫೋಟೋ ತೆಗೆದು ನೋಡಿ. ಚುಕ್ಕಿಯ ಬದಲು ನಡುವೆ ತೂತಿರುವ ಉದ್ದಿನ ವಡೆ ಮೂಡಿರುತ್ತದೆ!

ದೂರದರ್ಶಕದ ನಾಭಿದೂರ 1 ಮೀಟರ್ ಎನ್ನಿ. ಮೂರು ಕಿ.ಮೀ. ಆಚೆಯ ಬಂಡೆಯ ಬಿಂಬಕ್ಕೂ ನಕ್ಷತ್ರದ ಬಿಂಬಕ್ಕೂ ನಡುವಿನ ಅಂತರ ಮಿಲಿಮೀಟರಿನ ಮೂರನೆಯ ಒಂದು ಭಾಗ. ಅಷ್ಟೇ ತಾನೆ ಎನ್ನಬೇಡಿ. ಕನ್ನಡಿ 20 ಸೆಂ.ಮೀ. ಅಗಲದ್ದಾದರೆ ಫೋಕಸಿಗೆ ಇರುವ ಜಾಗವೆಲ್ಲ ಸುಮಾರು 67 ಮೈಕ್ರಾನ್, ಅಂದರೆ ಒಂದು ತಲೆಗೂದಲಿನ ದಪ್ಪ.

ಕೈಯಿಂದಲೇ ಹೇಗೋ ಸರಿಮಾಡಿದರೂ ಅದು ನಿಲ್ಲುವುದಿಲ್ಲ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಕೊಳವೆ ಒಂದು ಡಿಗ್ರಿ ತಣ್ಣಗಾದರೆ 23 ಮೈಕ್ರಾನ್ ಕುಗ್ಗುತ್ತದೆ. ಮೂರು ಡಿಗ್ರಿ ಇಳಿದರೆ ಒಂದು ಕೂದಲು ಲೆಕ್ಕ ತಪ್ಪಿತು. ಯಾದಗಿರಿ ಸೀಮೆಯ ಒಣಹವೆಯಲ್ಲಿ ಹಗಲು ಕಾದ ನೆಲ ಚಳಿಗಾಲದ ಶುಭ್ರ ರಾತ್ರಿ ಬೇಗನೆ ಆರುತ್ತದೆ. ಡಿಸೆಂಬರಿನಲ್ಲಿ ಸುರಪುರದ ಗುಡ್ಡದ ಮೇಲೆ ಸಂಜೆ ಏಳಕ್ಕೆ ಹೊಂದಿಸಿದ ಫೋಕಸ್, ಮಹಾವ್ಯಾಧ ನೆತ್ತಿಯ ಸಮೀಪ ಬರುವ ನಡುರಾತ್ರಿಗೆ ಕೆಟ್ಟಿರುತ್ತದೆ. ಗಂಟೆಗಟ್ಟಲೆ ತೆಗೆದ ಚಿತ್ರಗಳೆಲ್ಲ ವ್ಯರ್ಥ. (ತೊಗರಿ ರಾಶಿಯ ದೂಳು ಬೇರೆ!)

ಇಲ್ಲಿಯೇ ಸ್ಟೆಪರ್ ಮೋಟಾರು ನೆರವಿಗೆ ಬರುವುದು. ಅದು ಫ್ಯಾನಿನಂತೆ ಗಿರಗಿರನೆ ತಿರುಗದು. ಎಣಿಸಿ ಎಣಿಸಿ ಹೆಜ್ಜೆ ಇಡುತ್ತದೆ. ಹವ್ಯಾಸಿಗಳು ಬಳಸುವ ಒಂದು ಪುಟ್ಟ ಮೋಟಾರು ಒಂದು ಸುತ್ತಿಗೆ ಸುಮಾರು 2048 ಹೆಜ್ಜೆ ಹಾಕುತ್ತದೆ. ಗುಂಡಿಯ ಒಂದು ಸುತ್ತಿಗೆ ಕ್ಯಾಮೆರಾ 20 ಮಿ.ಮೀ. ಸರಿಯುವುದಾದರೆ, ಒಂದು ಹೆಜ್ಜೆ ಎಂದರೆ ಬರೀ 10 ಮೈಕ್ರಾನ್. ಯಾವ ಬೆರಳಿಗೆ ಇದು ಸಾಧ್ಯ?

ಎಷ್ಟು ಹೆಜ್ಜೆ ಎಂದು ತೀರ್ಮಾನಿಸುವುದು ಕಂಪ್ಯೂಟರು. ಅದು ಒಂದು ಚಿತ್ರ ತೆಗೆದು ನಕ್ಷತ್ರದ ಅಗಲ ಅಳೆಯುತ್ತದೆ. ಮೋಟಾರನ್ನು ತುಸು ಸರಿಸಿ ಮತ್ತೊಂದು ಚಿತ್ರ, ಮತ್ತೆ ಅಳತೆ. ಈ ಅಳತೆಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಇಂಗ್ಲಿಷಿನ ‘ವಿ’ ಅಕ್ಷರದಂಥ ಗೆರೆ ಬರುತ್ತದೆ. ತಳದ ಬಿಂದುವೇ ಫೋಕಸ್. ವಾತಾವರಣದ ಅಲುಗಾಟದಿಂದ ತಳದ ಹತ್ತಿರದ ಅಳತೆ ನಂಬುವಂತಿರುವುದಿಲ್ಲ. ಆದ್ದರಿಂದ ಎರಡೂ ಬದಿಯ ಇಳಿಜಾರುಗಳನ್ನು ಕೆಳಕ್ಕೆ ಬೆಳೆಸಿ, ಅವು ಕೂಡುವ ಜಾಗವನ್ನು ಲೆಕ್ಕದಿಂದಲೇ ಹಿಡಿಯುವುದುಂಟು. ಉಷ್ಣತೆ ಒಂದೆರಡು ಡಿಗ್ರಿ ಇಳಿದೊಡನೆ ಇದೆಲ್ಲ ಮತ್ತೊಮ್ಮೆ ನಡೆಯುತ್ತದೆ. ಹುಡುಗರು ನಿದ್ದೆ ಮಾಡಬಹುದು!

ದೊಡ್ಡವರ ದೂರದರ್ಶಕಗಳಲ್ಲೂ ಮೋಟಾರೇ ಗತಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವವರು ಕುಳಿತಿರುವುದು ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಈ ತುದಿಯಲ್ಲಿ. ಗುಂಡಿ ತಿರುಗಿಸಲು ಆ ಚಳಿಯಲ್ಲಿ ಯಾರನ್ನು ಕಳಿಸುವುದು? ಎದುರಿನ ಚಿಕ್ಕ ಕನ್ನಡಿಯನ್ನು ಮೋಟಾರು ಸರಿಸುತ್ತದೆ.

2023 ಮತ್ತು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲಿ ಕೊನೆಗಿತ್ತು. ಅಂಕದ ಚಿಂತೆಯಲ್ಲಿರುವ ಪಾಲಕರಿಗೆ ಇದೆಲ್ಲ ಕಾಲಹರಣ ಎನಿಸಿದರೆ ತಪ್ಪಲ್ಲ. ಆದರೂ ಪಠ್ಯದಲ್ಲಿ ಉರು ಹೊಡೆಯುವ ಲೋಹದ ಹಿಗ್ಗು–ಕುಗ್ಗು, ಮಸೂರದ ಸೂತ್ರ, ಗ್ರಾಫು, ಮೂರೂ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಬೀಳುವುದು ಇಲ್ಲಿಯೇ. ದುಬಾರಿ ಕ್ಯಾಮೆರಾ ಆಮೇಲೆ ಬರಲಿ. ಶಾಲೆಯ ದೂರದರ್ಶಕದ ಗುಂಡಿಗೆ ಪುಟ್ಟ ಮೋಟಾರು, ಅದನ್ನು ನಡೆಸುವ ಒಂದು ಆರ್ಡುಯಿನೋ ಫಲಕ ಜೋಡಿಸಿದರೆ ಮೊದಲ ಪ್ರಯೋಗಕ್ಕೆ ಸಾಕು. ಒಂದು ಎಚ್ಚರಿಕೆ: ಗೇರಿನ ಹಲ್ಲುಗಳ ನಡುವೆ ಸಡಿಲವಿರುತ್ತದೆ, ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆ ಲೆಕ್ಕಕ್ಕೆ ಬಂದರೂ ಕ್ಯಾಮೆರಾ ಅಲುಗುವುದಿಲ್ಲ. ಗುರಿಯನ್ನು ದಾಟಿ ಹೋಗಿ, ಪ್ರತಿಸಲವೂ ಒಂದೇ ಬದಿಯಿಂದ ಬಂದು ನಿಲ್ಲಿಸಬೇಕು.