ಕನಕಪಾಷಾಣವೂ ಕಪ್ಪೆಯ ಪ್ರಾಣವೂ

ಆತ್ಮ ಮತ್ತು ಕರ್ಮಗಳ ಸಂಬಂಧವನ್ನು ತಿಳಿಸಲು ಜೈನಾಚಾರ್ಯರು ಮತ್ತೆ ಮತ್ತೆ ಕೊಡುವ ದೃಷ್ಟಾಂತ ಕನಕಪಾಷಾಣದ್ದು. ಚಿನ್ನವು ಕಲ್ಲಿನೊಡನೆ ಎಂದು ಬೆರೆಯಿತೆಂದು ಕೇಳಿ ಫಲವಿಲ್ಲ; ಸರಿಯಾದ ಕ್ರಮದಿಂದ ಅದನ್ನು ಬೇರ್ಪಡಿಸಬಹುದೆಂಬುದೇ ಮುಖ್ಯ. ಹಾಗೆಯೇ ಅನಾದಿಯಿಂದ ಕರ್ಮಬದ್ಧವಾದ ಜೀವವು ರತ್ನತ್ರಯದ ಸಾಧನೆಯಿಂದ ತನ್ನ ಶುದ್ಧ ಸ್ವರೂಪವನ್ನು ಪಡೆಯಬಲ್ಲದು.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಜನರಿಗೆ ಇದು ಬರಿಯ ದೃಷ್ಟಾಂತವಲ್ಲ, ನಿತ್ಯದ ದುಡಿಮೆ. ಅಲ್ಲಿ ಭೂಮಿಯೊಳಗಿನಿಂದ ಬರುವ ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಅದು ಎಷ್ಟಿದೆಯೆಂದು ತಿಳಿಯಲು ಗಣಿಗಳ ಪ್ರಯೋಗಾಲಯಗಳು ಬಹುಕಾಲದಿಂದ ಅಗ್ನಿಯನ್ನೇ ಆಶ್ರಯಿಸಿವೆ. ಪುಡಿಮಾಡಿದ ಅದಿರನ್ನು ಸೀಸದ ಭಸ್ಮದೊಡನೆ ಕುಲುಮೆಯಲ್ಲಿ ಕರಗಿಸಿದರೆ ಚಿನ್ನವು ಸೀಸದಲ್ಲಿ ಸೇರಿಕೊಳ್ಳುತ್ತದೆ. ಆ ಸೀಸದ ಗಟ್ಟಿಯನ್ನು ರಂಧ್ರಮಯವಾದ ಸಣ್ಣ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದಾಗ ಸೀಸವನ್ನು ಬಟ್ಟಲೇ ಹೀರಿಕೊಂಡು, ಚಿನ್ನ ಬೆಳ್ಳಿಗಳ ಚಿಕ್ಕ ಮಣಿಯೊಂದು ಉಳಿಯುತ್ತದೆ. ನೈಟ್ರಿಕ್ ಆಮ್ಲವು ಬೆಳ್ಳಿಯನ್ನು ಕರಗಿಸಿದ ಮೇಲೆ ಉಳಿದದ್ದೇ ಚಿನ್ನ. ತಪಸ್ಸಿನಿಂದಾಗುವ ಕರ್ಮನಿರ್ಜರೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ದೊರೆಯಲಾರದು.

ಜಡವಸ್ತುವಿನ ವಿಚಾರವನ್ನು ಜೈನದರ್ಶನ ಎಂದೂ ಕಡೆಗಣಿಸಿಲ್ಲ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವು ಪುದ್ಗಲಕ್ಕೆ ಸ್ಪರ್ಶ, ರಸ, ಗಂಧ, ವರ್ಣಗಳೆಂಬ ಗುಣಗಳನ್ನು ಹೇಳಿ, ಸ್ನಿಗ್ಧತೆ ಮತ್ತು ರೂಕ್ಷತೆಗಳ ಕಾರಣದಿಂದ ಪರಮಾಣುಗಳು ಬಂಧಗೊಳ್ಳುವ ಬಗೆಯನ್ನು ವಿವರಿಸುತ್ತದೆ. ಇದೇ ಇಂದಿನ ರಸಾಯನಶಾಸ್ತ್ರವೆಂದು ಹೆಮ್ಮೆಪಡುವುದು ಸಲ್ಲದು. ಅದರ ದಾರಿ ಬೇರೆ, ಇದರ ಗುರಿ ಬೇರೆ. ಆದರೆ ವಸ್ತುಸ್ವರೂಪವನ್ನು ಇದ್ದಂತೆ ಅರಿಯುವುದು ಸಮ್ಯಕ್ ಜ್ಞಾನದ ಅಂಗವೆಂಬ ಶ್ರದ್ಧೆ ಅಲ್ಲಿದೆ. ಆದ್ದರಿಂದ ಪ್ರಯೋಗಾಲಯದ ಬಾಗಿಲು ಶ್ರಾವಕನಿಗೆ ಮುಚ್ಚಿಲ್ಲ. ಆ ಬಾಗಿಲೊಳಗೆ ಹೇಗೆ ನಡೆದುಕೊಳ್ಳಬೇಕೆಂಬುದೇ ಪ್ರಶ್ನೆ.

ಮಸ್ಕಿಯ ನೆಲ ಈ ಪ್ರಶ್ನೆಗೆ ಒಂದು ಸೌಮ್ಯವಾದ ಉತ್ತರ ಕೊಡುತ್ತದೆ. 1915ರಲ್ಲಿ ಚಿನ್ನದ ನೆಲೆಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅಲ್ಲಿನ ಬಂಡೆಯ ಮೇಲೆ ಕಂಡದ್ದು ಅಶೋಕನ ಶಾಸನ. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಷ್ಟೇ ಇತ್ತು. ಆ ಬಿರುದಿನವನು ಅಶೋಕನೇ ಎಂಬುದನ್ನು ಮಸ್ಕಿಯ ಬಂಡೆ ಹೆಸರು ಹೇಳಿ ದೃಢಪಡಿಸಿತು. ಚಿನ್ನವನ್ನು ಹುಡುಕಿ ಹೊರಟವನಿಗೆ ದೊರೆತದ್ದು ಪ್ರಾಣಿವಧೆಯನ್ನು ತಗ್ಗಿಸಲು ಆಜ್ಞೆ ಹೊರಡಿಸಿದ ದೊರೆಯ ಹೆಸರು. ಅಶೋಕನು ಬೌದ್ಧ ಉಪಾಸಕ. ಆದರೂ ದಿಲ್ಲಿ-ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ನಿರ್ಗ್ರಂಥರ, ಎಂದರೆ ಜೈನ ಮುನಿಗಳ, ಯೋಗಕ್ಷೇಮವನ್ನೂ ನೆನೆದವನು.

ಅದೇ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರೂ, ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್ ಅವರೂ ಉತ್ಖನನ ನಡೆಸಿ, ನವಶಿಲಾಯುಗದ ಜನಜೀವನವನ್ನು ಬೆಳಕಿಗೆ ತಂದರು. ರಾಯಚೂರು-ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ರಹಸ್ಯವೂ ಹೀಗೆಯೇ ಬಿಡಿಸಿತು. ಅವು ಜ್ವಾಲಾಮುಖಿಯ ಬೂದಿಯೆಂದು ಕೆಲವರು, ಲೋಹ ಕರಗಿಸಿದ ಕಿಟ್ಟವೆಂದು ಕೆಲವರು ಊಹಿಸಿದ್ದರು. ಸೂಕ್ಷ್ಮದರ್ಶಕ ಮತ್ತು ರಾಸಾಯನಿಕ ಪರೀಕ್ಷೆಗಳು ಅದು ಸುಟ್ಟ ಸಗಣಿಯೆಂದು ತೋರಿಸಿದವು. ಹಟ್ಟಿಯ ಹಳೆಯ ಗಣಿಗುಂಡಿಗಳಲ್ಲಿ ಉಳಿದಿದ್ದ ಮರದ ತುಂಡುಗಳು, ಇಂಗಾಲದ ಕಾಲಗಣನೆಯ ಮೂಲಕ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ದುಡಿಮೆಗೆ ಸಾಕ್ಷಿ ನುಡಿದವು. ಬೂದಿ, ಮಣಿ, ಮರ, ಹಳೆಯ ಎಲುಬು ಇವಿಷ್ಟರಿಂದಲೇ ಸಾವಿರಾರು ವರ್ಷಗಳ ದನಕರುಗಳ ಬದುಕು ತಿಳಿಯಿತು. ಅದಕ್ಕಾಗಿ ಒಂದು ಕರುವನ್ನೂ ನೋಯಿಸಬೇಕಾಗಲಿಲ್ಲ.

ಆದರೆ ಜೀವಿಯನ್ನೇ ಅರಿಯಬೇಕಾದಾಗ ಏನು ಮಾಡುವುದು? ಜಿನಾಗಮವು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು. ಮನುಷ್ಯನಂತೆಯೇ ಕಪ್ಪೆಯೂ ಇಲಿಯೂ ಪಂಚೇಂದ್ರಿಯ ಜೀವಿಗಳು. ಕೃಷಿ, ಅಡುಗೆ, ಉದ್ಯೋಗಗಳಲ್ಲಿ ತಪ್ಪಿಸಲಾಗದೆ ಆಗುವ ಆರಂಭೀ ಹಾಗೂ ಉದ್ಯೋಗೀ ಹಿಂಸೆಗಳನ್ನು ಗೃಹಸ್ಥನು ಎಚ್ಚರದಿಂದ ತಗ್ಗಿಸಿಕೊಳ್ಳಬೇಕು. ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಕಲಿಕೆಗಾಗಿ ಕಪ್ಪೆಯನ್ನು ಹಿಡಿದು ಕೊಯ್ಯುವುದು ಎರಡನೆಯ ಬಗೆಗೆ ಸೇರುತ್ತದೆ. ಪಠ್ಯಕ್ರಮದ ನೆಪದಿಂದ ಅದರ ಸ್ವರೂಪ ಬದಲಾಗದು.

ಈ ಇಕ್ಕಟ್ಟು ನಮ್ಮ ಪೂರ್ವಿಕರಿಗೂ ಇತ್ತು. ಉಗ್ರಾದಿತ್ಯಾಚಾರ್ಯರು ತಮ್ಮ ಸಂಸ್ಕೃತ ವೈದ್ಯಗ್ರಂಥ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ಔಷಧಗಳನ್ನು ನಿರೂಪಿಸಿದರು; ನೃಪತುಂಗನ ಸಭೆಯಲ್ಲಿ ಮಾಂಸದ ನಿರರ್ಥಕತೆಯನ್ನು ಪ್ರತಿಪಾದಿಸಿದರೆಂದು ಆ ಗ್ರಂಥವೇ ತಿಳಿಸುತ್ತದೆ. ಕಲ್ಯಾಣದ ಚಾಲುಕ್ಯ ಮನೆತನದ ಜೈನ ರಾಜಕುಮಾರ ಕೀರ್ತಿವರ್ಮನು ಗೋವೈದ್ಯವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಅದರಲ್ಲಿ ಔಷಧಗಳೊಡನೆ ಮಂತ್ರತಂತ್ರಗಳೂ ಬೆರೆತಿವೆ. ಆದರೂ ಪ್ರಾಣಿಯ ದೇಹವನ್ನು ಅರಿಯುವ ಉದ್ದೇಶ ಪ್ರಾಣಿಯನ್ನು ಗುಣಪಡಿಸುವುದೇ ಆಗಿತ್ತು.

ಇಂದಿನ ವಿಜ್ಞಾನವೂ ಇದೇ ದಿಕ್ಕಿಗೆ ಹೆಜ್ಜೆಯಿಡುತ್ತಿದೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಮೂರು ನಿಯಮಗಳನ್ನು ಮುಂದಿಟ್ಟರು: ಪ್ರಾಣಿಗೆ ಬದಲಾಗಿ ಬೇರೆ ವಿಧಾನವನ್ನು ಬಳಸುವುದು, ಬಳಸುವ ಪ್ರಾಣಿಗಳ ಸಂಖ್ಯೆಯನ್ನು ಇಳಿಸುವುದು, ನೋವನ್ನು ತಗ್ಗಿಸುವುದು. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿದ್ದಲ್ಲಿ ಪ್ರಾಣಿಪ್ರಯೋಗವನ್ನು ಕೈಬಿಡಬೇಕೆಂಬ ಆಶಯವನ್ನು ಹೊಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಪ್ರಾಣಿಗಳ ಛೇದನವನ್ನು ಹಂತಹಂತವಾಗಿ ನಿಲ್ಲಿಸಲು 2011ರಲ್ಲಿ ಸೂಚಿಸಿ, 2014ರಲ್ಲಿ ನಿಷೇಧಿಸಿತು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೂ ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳಿಗೆ ಬದಲಾಗಿ ಜೀವಕೋಶ ಮತ್ತು ಗಣಕಯಂತ್ರ ಆಧಾರಿತ ವಿಧಾನಗಳಿಗೆ 2023ರ ತಿದ್ದುಪಡಿಯು ಅವಕಾಶ ಕೊಟ್ಟಿದೆ.

ಇಷ್ಟಾದರೂ ಪ್ರಶ್ನೆ ಪೂರ್ಣವಾಗಿ ತೀರಿಲ್ಲ. ನಾವು ನುಂಗುವ ಅನೇಕ ಮಾತ್ರೆಗಳ ಹಿಂದೆ, ಮಕ್ಕಳಿಗೆ ಹಾಕಿಸುವ ಲಸಿಕೆಗಳ ಹಿಂದೆ ಮೂಕಪ್ರಾಣಿಗಳ ನೋವಿದೆ. ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರೂ ಕರ್ಮಾಸ್ರವಕ್ಕೆ ಕಾರಣವೆನ್ನುವ ಧರ್ಮದಲ್ಲಿ, ಕೊಯ್ದ ಕೈ ನಮ್ಮದಲ್ಲವೆಂದು ಹೇಳಿ ಪಾರಾಗುವಂತಿಲ್ಲ. ಹಾಗೆಂದು ರೋಗಿಗೆ ಔಷಧವನ್ನು ನಿರಾಕರಿಸುವುದು ದಯೆಯೂ ಅಲ್ಲ. ಆ ಋಣವನ್ನು ಮರೆಯದೆ ಆಲೋಚನೆ, ಪ್ರತಿಕ್ರಮಣಗಳಲ್ಲಿ ಅದನ್ನು ನೆನೆಯುವುದು. ಪ್ರಾಣಿಗಳನ್ನು ನೋಯಿಸದ ವಿಧಾನಗಳ ಶೋಧನೆಗೆ ನಮ್ಮ ಮಕ್ಕಳನ್ನೂ ನಮ್ಮ ದಾನವನ್ನೂ ಕೊಡುವುದು ಗೃಹಸ್ಥನಿಗೆ ಒಪ್ಪುವ ಮಾರ್ಗ. ಇಂಥ ಶೋಧನೆಗೆ ನೀಡುವ ದಾನದಲ್ಲಿ ಔಷಧದಾನ, ಶಾಸ್ತ್ರದಾನ, ಅಭಯದಾನ ಮೂರೂ ಕೂಡಿರುತ್ತವೆ.

ಸಿಂಧನೂರಿನ ರೈತನಿಗೂ ಇದು ಅನ್ವಯಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಆ ನೆಲದಲ್ಲಿ ಒಂದು ಹಿಡಿ ಮಣ್ಣೂ ಅಸಂಖ್ಯ ಜೀವಿಗಳ ಮನೆ. ಬಿತ್ತುವ ಮುನ್ನ ಹೊಲದ ಹಲವು ಕಡೆಯಿಂದ ಆರು ಅಂಗುಲ ಆಳದ ಮಣ್ಣನ್ನು ತೆಗೆದು, ಕೂಡಿಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪರೀಕ್ಷೆಗೆ ಕಳುಹಿಸಿದರೆ ಸವುಳು ಎಷ್ಟು, ಸಾರಜನಕ ಎಷ್ಟು, ರಂಜಕ ಎಷ್ಟೆಂದು ತಿಳಿಯುತ್ತದೆ. ಸಾರಜನಕದ ಗೊಬ್ಬರ ಮಿತಿಮೀರಿದರೆ ಪೈರು ಮೆತ್ತಗಾಗಿ ಕೀಟಗಳನ್ನು ಆಹ್ವಾನಿಸುತ್ತದೆ. ಆಗ ವಿಷ ಸಿಂಪಡಿಸದೆ ಗತಿಯಿಲ್ಲವಾಗುತ್ತದೆ. ಅಳತೆಯರಿತು ಗೊಬ್ಬರ ಹಾಕಿದವನು ಹಣದೊಡನೆ ಜೀವಗಳನ್ನೂ ಉಳಿಸುತ್ತಾನೆ. ಅಗತ್ಯವಿಲ್ಲದ ಹಿಂಸೆಯನ್ನು ಬಿಡುವ ಅನರ್ಥದಂಡ ವಿರತಿಗೆ ಪ್ರಯೋಗಾಲಯವೇ ಇಲ್ಲಿ ನೆರವಾಗುತ್ತದೆ.

ಪ್ರಮಾದದಿಂದ ಕೂಡಿದ ಪ್ರಾಣಹಾನಿಯೇ ಹಿಂಸೆ ಎಂಬುದು ಆಗಮದ ನಿಲುವು. ಪ್ರಯೋಗಾಲಯಕ್ಕೆ ಹೋಗುವ ವಿದ್ಯಾರ್ಥಿಯು ಉಪಕರಣವನ್ನು ಮುಟ್ಟುವ ಮೊದಲು ಮೂರನ್ನು ಕೇಳಿಕೊಳ್ಳಲಿ: ಇದು ತಿಳಿಯಲೇಬೇಕಾದದ್ದೇ? ಜೀವಿಯನ್ನು ನೋಯಿಸದೆ ತಿಳಿಯಲು ದಾರಿಯಿದೆಯೇ? ಬಳಸಿದ ಆಮ್ಲ, ವಿಷದ್ರವ್ಯಗಳು ಯಾವ ನೀರಿಗೆ, ಯಾವ ಮಣ್ಣಿಗೆ ಸೇರಲಿವೆ? ಹೀಗೆ ಕೇಳಿಕೊಂಡು ಮಾಡಿದ ಅಧ್ಯಯನವೂ ಸ್ವಾಧ್ಯಾಯಕ್ಕೆ ಸಮೀಪವಾದದ್ದು.