ಚೈನಾ ಗ್ರಾಸ್ ಹುಲ್ಲಲ್ಲ, ಕೆಲ್ಪ್ ಪುಡಿ ಟಾನಿಕ್ ಅಲ್ಲ: ಅಂಗಡಿಯಲ್ಲಿರೋ ಕಡಲಕಳೆ ಬಗ್ಗೆ ತಿಳ್ಕೊಳ್ಳಿ

ಬೆಂಗಳೂರು: ಗಾಂಧಿ ಬಜಾರ್, ಚಾಮರಾಜಪೇಟೆ, ಮಲ್ಲೇಶ್ವರದ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಕೇಳಿದ್ರೆ ಬಿಳಿ ಎಳೆಗಳ ಪೊಟ್ಟಣ ಕೊಡ್ತಾರೆ. 'ಇದು ವೆಜ್ಜಾ?' ಅಂತ ಗಿರಾಕಿ ಕೇಳೋದು ಸಹಜ. ಹೌದು, ವೆಜ್ಜೇ. ಇದು ಕೆಂಪು ಕಡಲಕಳೆಯಿಂದ ತೆಗೆದ ಅಗರ್. ಜೆಲಾಟಿನ್ ಮಾತ್ರ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತೆ.

ಕೆಲ್ಪ್ ಅಂದ್ರೇನು?
ಕೆಲ್ಪ್ ಕಂದು ಬಣ್ಣದ ದೊಡ್ಡ ಕಡಲಕಳೆ. ತಣ್ಣನೆಯ ಸಮುದ್ರದಲ್ಲಿ ಮಾತ್ರ ಬೆಳೆಯೋದರಿಂದ ನಮ್ಮ ಕರಾವಳಿಯಲ್ಲಿ ಸಿಗಲ್ಲ. ಚೀನಾ, ಕೊರಿಯಾ, ಜಪಾನ್‌ನಲ್ಲಿ ಹಗ್ಗಕ್ಕೆ ಸಸಿ ಕಟ್ಟಿ, ಕಡಲಲ್ಲಿ ತೇಲಿಬಿಟ್ಟು ಬೆಳೆಸ್ತಾರೆ. ನಾರ್ವೆಯಲ್ಲಿ ತಾನಾಗೇ ಬೆಳೆದದ್ದನ್ನು ಕೊಯ್ತಾರೆ. ಒಂದು ಜಾಗದಲ್ಲಿ ಕೊಯ್ದರೆ, ಮತ್ತೆ ಬೆಳೆಯಲಿ ಅಂತ ಐದನೇ ವರ್ಷದವರೆಗೆ ಅಲ್ಲಿ ಮುಟ್ಟಲ್ಲ.

ಕೆಲ್ಪ್‌ನಿಂದ ತೆಗೆಯೋ ಆಲ್ಜಿನೇಟ್ ಐಸ್‌ಕ್ರೀಮ್ ಮಂದವಾಗಿಸೋಕೆ, ಬಟ್ಟೆ ಪ್ರಿಂಟಿಂಗ್‌ಗೆ, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯೋಕೆ ಬೇಕು.

ನಮ್ಮ ದೇಶದಲ್ಲಿ?
ಇಲ್ಲಿ ಆಲ್ಜಿನೇಟ್‌ಗೆ ಕೆಲ್ಪ್ ಬದಲು ಸರ್ಗಾಸಮ್ ಅನ್ನೋ ಇನ್ನೊಂದು ಕಂದು ಕಡಲಕಳೆ ಬಳಸ್ತಾರೆ. ಅಗರ್‌ಗೂ ಆಲ್ಜಿನೇಟ್‌ಗೂ ಬೇಕಾದ ಕಳೆ ತಮಿಳುನಾಡಿನ ರಾಮನಾಥಪುರಂ ಕಡಲತೀರದಿಂದ ಬರುತ್ತೆ. ಮೀನುಗಾರ ಹೆಣ್ಣುಮಕ್ಕಳು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ, ಬಂಡೆಗಳಿಂದ ಅದನ್ನು ಕೈಯಲ್ಲೇ ಕೀಳ್ತಾರೆ. ಕಳೆ ಉಳೀಲಿ ಅಂತ ತಾವೇ ಮಾತಾಡಿಕೊಂಡು, ಕೀಳೋ ದಿನಗಳನ್ನೂ ಕಡಿಮೆ ಮಾಡಿಕೊಂಡಿದ್ದಾರೆ.

ಲೇಬಲ್ ಓದೋದು ಹೇಗೆ?
ಪೊಟ್ಟಣದ ಹಿಂದೆ 401 ಇದ್ರೆ ಸೋಡಿಯಂ ಆಲ್ಜಿನೇಟ್, 406 ಇದ್ರೆ ಅಗರ್, 407 ಇದ್ರೆ ಕ್ಯಾರಗೀನನ್. ಮೂರೂ ಕಡಲಕಳೆಯವೇ. ಆದ್ರೆ ಅದೇ ಪೊಟ್ಟಣದಲ್ಲಿ ಬೇರೇನೋ ಸೇರಿರಬಹುದು, ಹಾಗಾಗಿ ಹಸಿರು ಚುಕ್ಕೆನೂ ನೋಡಿ.

ಥೈರಾಯ್ಡ್ ಇರೋರು ಗಮನಿಸಿ
ಕೆಲ್ಪ್ ಪುಡಿ, ಮಾತ್ರೆಗಳನ್ನ 'ನ್ಯಾಚುರಲ್' ಅಂತ ಮಾರ್ತಾರೆ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಕೊಂಬು ಅನ್ನೋ ಒಣ ಕೆಲ್ಪ್‌ನ ಒಂದೇ ಗ್ರಾಂನಲ್ಲಿ ಅದು ಸಾವಿರ ದಾಟಬಹುದು. ಅಯೋಡಿನ್ ಉಪ್ಪು ಮನೇಲಿ ಇದ್ದೇ ಇದೆ. ಹೆಚ್ಚಾದ್ರೆ ಥೈರಾಯ್ಡ್ ಏರುಪೇರಾಗುತ್ತೆ. ಥೈರಾಯ್ಡ್ ಮಾತ್ರೆ ತಗೊಳ್ಳೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಕೊಳ್ಳಬೇಡಿ. ಅಂಗಡಿಯವರೂ ಪೊಟ್ಟಣ ಕೊಡೋ ಮುಂಚೆ ಇದೊಂದು ಮಾತು ಹೇಳಿಬಿಡಿ.